ಡಬಲ್ ಶಾಕ್ ಸೈಕಲ್ ತಗೊಳ್ಲಾ ಅಣ್ಣಾ?

(ಈ ವಾರದ ಸಂಚಿಕೆಯ ಬರಹ ರೂಪ. ಓದೋಕೆ ಅನುಕೂಲ ಆಗಲಿ ಅಂತ ಅಲ್ಲಲ್ಲಿ ತಿದ್ದಿದ್ದೇನೆ.)

ಈ ವಾರಕ್ಕೆ ನಾನು ರೆಡಿ ಮಾಡ್ಕೊಂಡಿದ್ದ ವಿಷಯವೇ ಬೇರೆ. ಆದ್ರೆ ಸೋಮವಾರ ರಾತ್ರಿ ಹನ್ನೊಂದು ಗಂಟೆಗೆ ನನ್ನ ಚಿಕ್ಕಮ್ಮನ ಮಗ ಒಂದು ಫೋಟೊ ಕಳಿಸಿದ. ಕಪ್ಪು-ಕಿತ್ತಳೆ ಬಣ್ಣದ ಸೈಕಲ್ಲು. ಮುಂದೆ ಶಾಕ್, ಮಧ್ಯದಲ್ಲಿ ದಪ್ಪ ಸ್ಪ್ರಿಂಗು, ಎರಡೂ ಕಡೆ ಡಿಸ್ಕ್ ಬ್ರೇಕು. ಕೆಳಗೆ ಒಂದೇ ಸಾಲು: "ಅಣ್ಣಾ, ಡಬಲ್ ಶಾಕ್, ಬರೀ 14 ಸಾವಿರ. ತಗೊಳ್ಲಾ?"

ಅವನಿಗೆ 21 ವರ್ಷ. ಕೆಲಸಕ್ಕೆ ಸೇರಿ ಎರಡನೇ ಸಂಬಳ. ಇನ್‌ಸ್ಟಾಗ್ರಾಮ್‌ನಲ್ಲಿ ಬೆಟ್ಟದಿಂದ ಇಳಿಯೋ ರೀಲ್ಸ್ ನೋಡಿ ನೋಡಿ ತಲೆ ಕೆಟ್ಟಿದೆ. ನಾನು "ಬೇಡ" ಅಂತ ಟೈಪ್ ಮಾಡಿದೆ, ಅಳಿಸಿದೆ. ಬರೀ ಬೇಡ ಅಂದ್ರೆ ಅವನು ತಗೊಂಡೇ ತಗೋತಾನೆ. ನಾನೂ ಹಾಗೇ ಮಾಡಿದ್ದೆ.

ಮೂರು ವರ್ಷದ ಹಿಂದೆ ಹೆಚ್ಚುಕಮ್ಮಿ ಇದೇ ಥರದ ಸೈಕಲ್‌ನ 16,500 ಕೊಟ್ಟು ತಂದಿದ್ದೆ. ಐದೇ ತಿಂಗಳಲ್ಲಿ ನನ್ನ ಎಡಗಡೆ ಕಾಲರ್ ಬೋನ್ ಮುರೀತು. ಆರು ವಾರ ತೋಳನ್ನ ಪಟ್ಟಿಯಲ್ಲಿ ನೇತುಹಾಕಿಕೊಂಡು ಕೂತಿದ್ದೆ. ಅಮ್ಮ ತಲೆ ಬಾಚಿ ಕೊಡ್ತಿದ್ರು. 26 ವರ್ಷದ ಮಗನಿಗೆ! ಹಾಗಾಗಿ ಇವತ್ತಿನ ಸಂಚಿಕೆ ಅವನಿಗೆ ನಾನು ಕೊಡೋ ಉತ್ತರ. ಮೌಂಟನ್ ಬೈಕಿಂಗ್ ಶುರು ಮಾಡಬೇಕು ಅಂತಿರೋ ನಿಮಗೂ ಇದು ಉಪಯೋಗಕ್ಕೆ ಬರಬಹುದು.

ಅವತ್ತು ಏನಾಯ್ತು?

ಅದು ಬೆಟ್ಟವೂ ಅಲ್ಲ, ಕಾಡೂ ಅಲ್ಲ. ನಮ್ಮೂರು ತುಮಕೂರು ಕಡೆ. ಊರಾಚೆ ನೀಲಗಿರಿ ತೋಪಿನ ಪಕ್ಕ ಕೆರೆ ಕಡೆಗೆ ಇಳಿಯೋ ಒಂದು ಬಂಡಿ ಜಾಡು. ಗರಸು ಮಣ್ಣು, ಮಧ್ಯದಲ್ಲಿ ಮಳೆ ನೀರು ಕೊರೆದ ಕೊರಕಲು. ಎಮ್ಮೆ ಹೊಡ್ಕೊಂಡು ಹೋಗೋರು ಚಪ್ಪಲಿ ಹಾಕ್ಕೊಂಡು ಆರಾಮಾಗಿ ಇಳಿಯೋ ದಾರಿ.

ನಾನು ಸೀಟನ್ನ ರಸ್ತೆಯಲ್ಲಿ ಓಡಿಸೋ ಎತ್ತರಕ್ಕೇ ಇಟ್ಟಿದ್ದೆ. ಸೀಟಿನ ಮೇಲೆ ಕೂತೇ ಇಳಿದೆ. ಕೊರಕಲಿನ ಅಂಚಿಗೆ ಹಿಂದಿನ ಚಕ್ರ ಬಡೀತು. ಆ ದಪ್ಪ ಸ್ಪ್ರಿಂಗು ಅದುಮಿತು, ಅದುಮಿದ್ದಷ್ಟೇ ಜೋರಾಗಿ ವಾಪಸ್ ಚಿಮ್ಮಿ ನನ್ನ ಸೊಂಟನ ಮೇಲಕ್ಕೆ ಎಸೀತು. ಗಾಬರಿಯಲ್ಲಿ ಮುಂದಿನ ಬ್ರೇಕ್ ಗಟ್ಟಿಯಾಗಿ ಹಿಡಿದೆ. ಆಮೇಲೆ ಹ್ಯಾಂಡಲ್ ಮೇಲಿಂದ ನೆಲ.

ನಾನು ತುಂಬ ದಿನ ಅಂದ್ಕೊಂಡಿದ್ದು, "ನನಗೆ ಧೈರ್ಯ ಸಾಲದು" ಅಂತ. ಆಮೇಲೆ ಗೊತ್ತಾಯ್ತು, ಧೈರ್ಯಕ್ಕೂ ಇದಕ್ಕೂ ಸಂಬಂಧ ಇಲ್ಲ. ಮೂರು ತಪ್ಪು ಒಟ್ಟಿಗೆ ಸೇರಿದ್ವು: ಸೈಕಲ್ ತಪ್ಪು, ಸೀಟಿನ ಎತ್ತರ ತಪ್ಪು, ಕೂತ ರೀತಿ ತಪ್ಪು. ಒಂದೊಂದಾಗಿ ಬಿಡಿಸೋಣ.

ಸ್ಪ್ರಿಂಗ್ ಬೇರೆ, ಸಸ್ಪೆನ್ಷನ್ ಬೇರೆ

ನಿಮ್ಮ ಮನೇಲಿ ಹಳೇ ಸ್ಕೂಟರ್ ಇದ್ರೆ ನೆನಪು ಮಾಡ್ಕೊಳ್ಳಿ. ಶಾಕ್ ಅಬ್ಸಾರ್ಬರ್‌ನ ಆಯಿಲ್ ಸೋರಿ ಹೋದ್ಮೇಲೆ ಒಂದು ಹಂಪ್ ಹತ್ತಿಸಿದ್ರೆ ಗಾಡಿ ಮೂರು ನಾಲ್ಕು ಸಲ ಕುಣಿಯುತ್ತೆ. ಸ್ಪ್ರಿಂಗ್ ಅಲ್ಲೇ ಇದೆ, ಚೆನ್ನಾಗೇ ಇದೆ. ಹೋಗಿರೋದು ಡ್ಯಾಂಪಿಂಗ್.

ಸ್ಪ್ರಿಂಗ್ ಕೆಲಸ ಪೆಟ್ಟಿನ ಶಕ್ತಿನ ಹಿಡಿದಿಟ್ಟುಕೊಳ್ಳೋದು. ಅದನ್ನ ನಿಧಾನವಾಗಿ ಬಿಡೋ ಕೆಲಸ ಡ್ಯಾಂಪರ್‌ದು. ಒಳ್ಳೆ ಫೋರ್ಕ್ ಒಳಗೆ ಆಯಿಲ್ ಸಣ್ಣ ರಂಧ್ರಗಳ ಮೂಲಕ ಹಾದು ಹೋಗಬೇಕು. ಆ ತಡೆಯಿಂದ ಶಕ್ತಿ ಬಿಸಿಯಾಗಿ ಕಳೆದುಹೋಗುತ್ತೆ, ಫೋರ್ಕ್ ಮೆಲ್ಲಗೆ ಮೇಲೆ ಬರುತ್ತೆ. ತೀರಾ ಅಗ್ಗದ ಡಬಲ್ ಶಾಕ್ ಸೈಕಲ್‌ಗಳಲ್ಲಿ ಸಾಮಾನ್ಯವಾಗಿ ಬರೀ ಸ್ಪ್ರಿಂಗ್ ಇರುತ್ತೆ, ಡ್ಯಾಂಪಿಂಗ್ ಅನ್ನೋದು ಹೆಸರಿಗೂ ಇರಲ್ಲ. ಅದು ಪೆಟ್ಟನ್ನ ನುಂಗಲ್ಲ, ಸಾಲ ಇಟ್ಕೊಂಡು ವಾಪಸ್ ಕೊಡುತ್ತೆ. ಬಡ್ಡಿ ಸಮೇತ.

ಅದರ ಜೊತೆಗೆ ತೂಕ. ಹಿಂದಿನ ಸಸ್ಪೆನ್ಷನ್‌ಗೆ ಬೇಕಾದ ಹೆಚ್ಚುವರಿ ಕಬ್ಬಿಣ, ಕೀಲುಗಳು, ಬುಷ್‌ಗಳು. ನನ್ನ ಸೈಕಲ್ ತೂಕ ಹಾಕಿಸಿದಾಗ 19 ಕೆಜಿ ಇತ್ತು. ಏರು ಬಂದ್ರೆ ಪೆಡಲ್ ತುಳಿದ ಶಕ್ತಿಯಲ್ಲಿ ಅರ್ಧ ಆ ಸ್ಪ್ರಿಂಗ್ ಕುಣಿಸೋಕೇ ಹೋಗ್ತಿದೆಯೇನೋ ಅನ್ನಿಸೋದು. ನಾಲ್ಕು ತಿಂಗಳಿಗೆ ಕೀಲು ಸಡಿಲ ಆಗಿ ಹಿಂದಿನ ಚಕ್ರ ಅಕ್ಕಪಕ್ಕ ಅಲ್ಲಾಡೋಕೆ ಶುರು.

ಹಾಗಾದ್ರೆ ಒಳ್ಳೆ ಫುಲ್ ಸಸ್ಪೆನ್ಷನ್ ಸೈಕಲ್ ಇಲ್ವಾ? ಇದೆ, ಅದ್ಭುತವಾಗಿರುತ್ತೆ. ಆದ್ರೆ ಅದರ ಬೆಲೆ ಶುರುವಾಗೋದು ಲಕ್ಷದ ಮೇಲೆ. ಅದಕ್ಕೇ ಒಂದು ಸರಳ ಸೂತ್ರ: ಬಜೆಟ್ ಕಡಿಮೆ ಇದ್ರೆ ಹಿಂದಿನ ಶಾಕ್ ಬಿಟ್ಟುಬಿಡಿ. ಅದೇ ದುಡ್ಡಿಗೆ ಒಳ್ಳೆ ಫ್ರೇಮ್, ಒಳ್ಳೆ ಬ್ರೇಕ್, ಒಳ್ಳೆ ಮುಂದಿನ ಫೋರ್ಕ್ ತಗೊಳ್ಳಿ. ಹಿಂದೆ ಶಾಕ್ ಇಲ್ಲದ, ಮುಂದೆ ಮಾತ್ರ ಫೋರ್ಕ್ ಇರೋ ಈ ಸೈಕಲ್‌ಗೆ ಹಾರ್ಡ್‌ಟೇಲ್ ಅಂತಾರೆ. ಕಲಿಯೋರಿಗೆ ಅದೇ ಒಳ್ಳೆ ಮೇಷ್ಟ್ರು. ತಪ್ಪು ಗೆರೆ ಹಿಡಿದ್ರೆ ಅಂಗಾಲಿಗೆ ಕೂಡಲೇ ಗೊತ್ತಾಗುತ್ತೆ.

ಟ್ರೇಲ್ ಬೈಕ್ ಅಂದ್ರೆ ಯಾವುದು?

ಸ್ವಲ್ಪ ಹಿಂದಕ್ಕೆ ಹೋಗೋಣ. 1970ರ ದಶಕದಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದ ಮರಿನ್ ಕೌಂಟಿಯಲ್ಲಿ ಒಂದಷ್ಟು ಹುಡುಗರು ದಪ್ಪ ಟಯರಿನ ಹಳೇ ಸೈಕಲ್‌ಗಳನ್ನ ಗುಜರಿಯಿಂದ ತಂದು ಬೆಟ್ಟದ ಮಣ್ಣು ದಾರಿಯಲ್ಲಿ ಇಳಿಸ್ತಿದ್ರು. 1976ರಲ್ಲಿ ಅದೇ ಒಂದು ಪಂದ್ಯ ಆಯ್ತು, ಹೆಸರು ರೀಪ್ಯಾಕ್. ಆ ಹೆಸರು ಯಾಕೆ ಗೊತ್ತಾ? ಆ ಸೈಕಲ್‌ಗಳಲ್ಲಿ ಪೆಡಲ್ ಹಿಂದಕ್ಕೆ ತುಳಿದ್ರೆ ಬ್ರೇಕ್ ಬೀಳ್ತಿತ್ತು. ಬ್ರೇಕ್ ಹಬ್ ಒಳಗಡೆ. ಒಂದು ಸಲ ಇಳಿಯೋಷ್ಟರಲ್ಲಿ ಹಬ್ ಕಾದು ಗ್ರೀಸ್ ಎಲ್ಲಾ ಹೊಗೆಯಾಗಿ ಹೋಗ್ತಿತ್ತು. ಮತ್ತೆ ಗ್ರೀಸ್ ತುಂಬಬೇಕು, ಅಂದ್ರೆ ರೀಪ್ಯಾಕ್ ಮಾಡಬೇಕು. ಜೋ ಬ್ರೀಜ್, ಟಾಮ್ ರಿಚೀ, ಗ್ಯಾರಿ ಫಿಶರ್, ಚಾರ್ಲಿ ಕೆಲ್ಲಿ ಇವರೆಲ್ಲ ಆ ಗುಂಪಿನ ಸುತ್ತಮುತ್ತಲಿನವರೇ. 1981ರಲ್ಲಿ ಸ್ಪೆಷಲೈಸ್ಡ್ ಕಂಪನಿಯ ಸ್ಟಂಪ್‌ಜಂಪರ್ ಬಂದ್ಮೇಲೆ ಅಂಗಡಿಯಲ್ಲೂ ಮೌಂಟನ್ ಬೈಕ್ ಸಿಗೋ ಹಾಗಾಯ್ತು. 1996ರ ಅಟ್ಲಾಂಟಾ ಒಲಿಂಪಿಕ್ಸ್‌ಗೆ ಕ್ರಾಸ್ ಕಂಟ್ರಿ ಮೌಂಟನ್ ಬೈಕಿಂಗ್ ಸೇರಿತು. ನಮ್ಮ ರಾಜ್ಯಕ್ಕೂ ಇದು ದೂರದ ಆಟ ಅಲ್ಲ. 2022ರಲ್ಲಿ ರಾಷ್ಟ್ರೀಯ ಮೌಂಟನ್ ಬೈಕ್ ಚಾಂಪಿಯನ್‌ಶಿಪ್ ನಡೆದಿದ್ದು ನಮ್ಮ ಗದಗದಲ್ಲಿ.

ಇವತ್ತು ಮೌಂಟನ್ ಬೈಕ್ ಒಳಗೇ ನಾಲ್ಕೈದು ಜಾತಿ. ಕ್ರಾಸ್ ಕಂಟ್ರಿ ಬೈಕ್ ಹಗುರ, ಏರಲ್ಲಿ ಓಡುತ್ತೆ. ಫೋರ್ಕ್ ಸಾಮಾನ್ಯವಾಗಿ 100ರಿಂದ 120 ಮಿಲಿಮೀಟರ್ ಅದುಮುತ್ತೆ. ಡೌನ್‌ಹಿಲ್ ಬೈಕ್ ಇಳಿಯೋಕೆ ಮಾತ್ರ, ಸುಮಾರು 200 ಮಿಲಿಮೀಟರ್. ಮಧ್ಯದಲ್ಲಿರೋದೇ ಟ್ರೇಲ್ ಬೈಕ್, ಹೆಚ್ಚುಕಮ್ಮಿ 120ರಿಂದ 150. ಹತ್ತೋಕೂ ಆಗುತ್ತೆ, ಇಳಿಯೋಕೂ ಧೈರ್ಯ ಕೊಡುತ್ತೆ.

ಆದ್ರೆ ಹೊಸಬರಿಗೆ ಮಿಲಿಮೀಟರ್‌ಗಿಂತ ಮುಖ್ಯ ಆದದ್ದು ಫ್ರೇಮಿನ ಆಕಾರ. ಮುಂದಿನ ಫೋರ್ಕ್ ನೆಲಕ್ಕೆ ಎಷ್ಟು ವಾಲಿಕೊಂಡಿದೆ ನೋಡಿ. ಅದಕ್ಕೆ ಹೆಡ್ ಆಂಗಲ್ ಅಂತಾರೆ. ಹಳೇ ಶೈಲಿಯ ಎಂಟಿಬಿಗಳಲ್ಲಿ ಅದು 70, 71 ಡಿಗ್ರಿ, ನೆಟ್ಟಗೆ ನಿಂತ ಹಾಗೆ. ಈಗಿನ ಟ್ರೇಲ್ ಬೈಕ್‌ಗಳಲ್ಲಿ 65, 66ರ ಸುತ್ತ. ಫೋರ್ಕ್ ವಾಲಿದಷ್ಟೂ ಮುಂದಿನ ಚಕ್ರ ನಿಮ್ಮಿಂದ ಮುಂದೆ ಇರುತ್ತೆ. ಇಳಿಜಾರಲ್ಲಿ ಕಲ್ಲು ಅಡ್ಡ ಬಂದ್ರೂ ನಿಮ್ಮ ತೂಕ ಚಕ್ರದ ಹಿಂದೆನೇ ಉಳಿಯುತ್ತೆ, ಹ್ಯಾಂಡಲ್ ಮೇಲೆ ಹಾರೋ ಸಾಧ್ಯತೆ ಕಡಿಮೆ. ಅಗಲವಾದ ಹ್ಯಾಂಡಲ್, ಗಿಡ್ಡ ಸ್ಟೆಮ್ ಇದ್ರೆ ತಿರುವಿನಲ್ಲಿ ಹಿಡಿತ ಚೆನ್ನಾಗಿರುತ್ತೆ.

ಇನ್ನು ನೋಡಬೇಕಾದ್ದು ನಾಲ್ಕು.

ಒಂದು, ಹೈಡ್ರಾಲಿಕ್ ಡಿಸ್ಕ್ ಬ್ರೇಕ್. ಡಿಸ್ಕ್ ಇದ್ದ ಮಾತ್ರಕ್ಕೆ ಹೈಡ್ರಾಲಿಕ್ ಅಲ್ಲ. ಲಿವರ್‌ನಿಂದ ಹೊರಡೋದು ಸ್ಟೀಲ್ ಕೇಬಲ್ಲಾ, ಆಯಿಲ್ ಪೈಪಾ ಅಂತ ಕೇಳಿ. ಆಯಿಲ್ ಇದ್ರೆ ಒಂದು ಬೆರಳಲ್ಲಿ ನಿಲ್ಲಿಸಬಹುದು, ಉಳಿದ ಬೆರಳು ಹ್ಯಾಂಡಲ್ ಹಿಡಿಯೋಕೆ ಸಿಗುತ್ತೆ.

ಎರಡು, ಮುಂದೆ ಒಂದೇ ಚೈನ್ ರಿಂಗ್. "21 ಗೇರ್ ಸರ್" ಅಂತ ಅಂಗಡಿಯವರು ಹೇಳಿದ್ರೆ ಖುಷಿ ಪಡಬೇಡಿ. ಮುಂದೆ ಒಂದು, ಹಿಂದೆ 9 ಅಥವಾ 10 ಇದ್ರೆ ಸಾಕು. ಕೆಡೋ ಸಾಮಾನು ಕಡಿಮೆ, ಏರು ಬಂದಾಗ ತಲೆಬಿಸಿ ಕಡಿಮೆ.

ಮೂರು, ಟಯರ್ ಅಗಲ. 2.2 ಇಂಚಿಗಿಂತ ಕಡಿಮೆ ಬೇಡ. ರಿಮ್ ಟ್ಯೂಬ್‌ಲೆಸ್ ಮಾಡೋ ಹಾಗಿದ್ರೆ ಇನ್ನೂ ಒಳ್ಳೇದು. ಯಾಕೆ ಅಂತ ಆಮೇಲೆ ಹೇಳ್ತೀನಿ. ಒಂದು ಸುಳಿವು: ಜಾಲಿ ಮುಳ್ಳು.

ನಾಲ್ಕು, ಡ್ರಾಪರ್ ಪೋಸ್ಟ್. ಹ್ಯಾಂಡಲ್ ಮೇಲಿನ ಲಿವರ್ ಒತ್ತಿ ಕೂತ್ರೆ ಸೀಟು ಕೆಳಗೆ ಇಳಿಯುತ್ತೆ, ಕೂರದೆ ಒತ್ತಿದ್ರೆ ಮೇಲೆ ಬರುತ್ತೆ. ಮೊದಲ ದಿನಕ್ಕೆ ಬೇಕೇ ಬೇಕು ಅಂತಿಲ್ಲ. ಕ್ವಿಕ್ ರಿಲೀಸ್ ಕ್ಲಾಂಪ್ ಹಾಕಿಸಿ ಕೈಯಲ್ಲೇ ಸೀಟು ಇಳಿಸ್ಕೊಳ್ಳಿ. ಇಳಿಸೋದು ಮಾತ್ರ ಮರೀಬೇಡಿ. ನಾನು ಮರೆತಿದ್ದೆ.

ಸೈಜ್ ಬಗ್ಗೆ ಒಂದು ಮಾತು. ರಿಯಾಯಿತಿ ಸಿಗುತ್ತೆ ಅಂತ ದೊಡ್ಡ ಫ್ರೇಮ್ ತಗೋಬೇಡಿ. ಎರಡು ಕಾಲೂ ನೆಲಕ್ಕೆ ಊರಿ ನಿಂತಾಗ ಮಧ್ಯದ ಪೈಪ್‌ಗೂ ನಿಮಗೂ ನಡುವೆ ಎರಡು ಮೂರು ಇಂಚಾದ್ರೂ ಜಾಗ ಇರಬೇಕು.

ಬಿ.ಕಾಂ ಓದಿದ್ದಕ್ಕೆ ಲೆಕ್ಕ ಹೇಳದಿದ್ರೆ ಹೇಗೆ?

ನನ್ನ ಮೊದಲ ಸೈಕಲ್ 16,500ಕ್ಕೆ ತಂದು, ಐದು ತಿಂಗಳಾದ್ಮೇಲೆ 4,000ಕ್ಕೆ ಮಾರಿದೆ. ನಷ್ಟ 12,500. ತಿಂಗಳಿಗೆ 2,500 ರೂಪಾಯಿ ಬಾಡಿಗೆ ಕೊಟ್ಟ ಹಾಗಾಯ್ತು. ಆಸ್ಪತ್ರೆ ಖರ್ಚು ಸೇರಿಸಿಲ್ಲ. ಕೈ ನೋವಿಂದ ಟೈಪ್ ಮಾಡೋಕಾಗದೆ ಕಳ್ಕೊಂಡ ಫ್ರೀಲ್ಯಾನ್ಸ್ ಕೆಲಸವನ್ನೂ ಸೇರಿಸಿಲ್ಲ. ಅಗ್ಗ ಅಂತ ತಗೊಂಡಿದ್ದು ಅಗ್ಗ ಆಗಲಿಲ್ಲ.

ಎರಡನೇ ಸಲ ಒಂದು ವರ್ಷ ಕಾದು ಸೆಕೆಂಡ್ ಹ್ಯಾಂಡ್ ಹಾರ್ಡ್‌ಟೇಲ್ ತಗೊಂಡೆ. ನನ್ನ ನೋಟ್‌ಬುಕ್‌ನಲ್ಲಿರೋ ಲೆಕ್ಕ ಇದು:

ಸೈಕಲ್ 42,000. ಹೆಲ್ಮೆಟ್ 3,500. ಮೊಣಕಾಲು ಪ್ಯಾಡ್ 2,200. ಫ್ಲಾಟ್ ಪೆಡಲ್ 1,800. ಪಂಪ್ 900. ಟ್ಯೂಬ್‌ಲೆಸ್ ಸೀಲಂಟ್ 700. ಗ್ಲೌಸ್ 600. ಒಟ್ಟು 51,700.

ಜಾಸ್ತಿ ಅನ್ನಿಸ್ತಾ? ನನಗೂ ಅನ್ನಿಸ್ತು. ಆದ್ರೆ ಗಮನಿಸಿ, ಸೈಕಲ್ ಬಿಟ್ಟು ಬೇರೆ ಖರ್ಚೇ 9,700. ಅದಕ್ಕೇ ಹೇಳೋದು, ನಿಮ್ಮ ಹತ್ರ 40 ಸಾವಿರ ಇದ್ರೆ 40 ಸಾವಿರದ ಸೈಕಲ್ ತಗೋಬೇಡಿ. 30ರದ್ದು ತಗೊಳ್ಳಿ, ಉಳಿದಿದ್ದು ಮೈ ಕಾಪಾಡೋಕೆ ಇರಲಿ. ಹೆಲ್ಮೆಟ್ ಒಳಗಡೆ ಇಎನ್ 1078 ಅಥವಾ ಸಿಪಿಎಸ್‌ಸಿ ಅನ್ನೋ ಗುರುತು ಇದೆಯಾ ನೋಡಿ. ಒಂದು ಸಲ ಜೋರಾಗಿ ಪೆಟ್ಟು ಬಿದ್ದ ಹೆಲ್ಮೆಟ್ ಮತ್ತೆ ಉಪಯೋಗಿಸಬಾರದು. ಒಳಗಿನ ಫೋಮ್ ಒಂದೇ ಸಲಕ್ಕೆ ಅದುಮಿ ಸಾಯೋಕೆ ಅಂತಾನೇ ಮಾಡಿರೋದು. ಅದಕ್ಕೆ ಹೆಲ್ಮೆಟ್ ಮಾತ್ರ ಸೆಕೆಂಡ್ ಹ್ಯಾಂಡ್ ಬೇಡವೇ ಬೇಡ.

ಸೆಕೆಂಡ್ ಹ್ಯಾಂಡ್ ಸೈಕಲ್ ನೋಡೋಕೆ ಹೋದಾಗ ಫ್ರೇಮಿನ ವೆಲ್ಡಿಂಗ್ ಹತ್ರ ಬಿರುಕು ಇದೆಯಾ ನೋಡಿ. ಫೋರ್ಕಿನ ಹೊಳೆಯೋ ಕೊಳವೆ ಮೇಲೆ ಗೀರು ಇದೆಯಾ ನೋಡಿ. ಎರಡೂ ಚಕ್ರ ಎತ್ತಿ ತಿರುಗಿಸಿ, ವಾಲಾಡ್ತಿದೆಯಾ ನೋಡಿ. ಬಿಲ್ ಕೇಳಿ. ಬಿಲ್ ಇಲ್ಲದ ಸೈಕಲ್ ಯಾರೋ ಒಬ್ಬನ ಕಣ್ಣೀರು ಇರಬಹುದು.

ಸೈಕಲ್ ಬಂತು. ಹತ್ತೋ ಮುಂಚೆ ಹತ್ತು ನಿಮಿಷ

ಟಯರ್ ಕಲ್ಲಿನ ಥರ ಗಟ್ಟಿ ಇರಬಾರದು. ಗಾಳಿ ಜಾಸ್ತಿ ಇದ್ರೆ ಟಯರ್ ಪ್ರತಿ ಕಲ್ಲಿಗೂ ಪುಟಿಯುತ್ತೆ. ಸ್ವಲ್ಪ ಕಡಿಮೆ ಇದ್ರೆ ಕಲ್ಲನ್ನ ಅಪ್ಪಿಕೊಂಡು ಹೋಗುತ್ತೆ. ನಾನು 68 ಕೆಜಿ. ನನ್ನ 2.4 ಇಂಚಿನ ಟ್ಯೂಬ್‌ಲೆಸ್ ಟಯರ್‌ಗೆ ಮುಂದೆ 23, ಹಿಂದೆ 26 ಪಿಎಸ್‌ಐ ಹಾಕ್ತೀನಿ. ಟ್ಯೂಬ್ ಇದ್ರೆ ಇಷ್ಟು ಕಡಿಮೆ ಮಾಡಬೇಡಿ. ಕಲ್ಲಿಗೂ ರಿಮ್ಮಿಗೂ ಮಧ್ಯೆ ಟ್ಯೂಬ್ ಸಿಕ್ಕಿಕೊಂಡು ಹಾವು ಕಚ್ಚಿದ ಹಾಗೆ ಎರಡು ತೂತು ಬೀಳುತ್ತೆ. 28ರಿಂದ 32 ಇಟ್ಟು ಶುರು ಮಾಡಿ.

ಈಗ ಜಾಲಿ ಮುಳ್ಳಿನ ವಿಷಯ. ನಮ್ಮ ಬಯಲುಸೀಮೆ ದಾರಿಯಲ್ಲಿ ಅದೇ ದೊಡ್ಡ ಶತ್ರು. ಟ್ಯೂಬ್ ಹಾಕ್ಕೊಂಡು ಓಡಿಸ್ತಿದ್ದಾಗ ಒಂದೇ ಬೆಳಿಗ್ಗೆ ಮೂರು ಪಂಕ್ಚರ್ ಆಗಿ ಐದು ಕಿಲೋಮೀಟರ್ ಸೈಕಲ್ ತಳ್ಕೊಂಡು ಬಂದಿದ್ದೀನಿ. ಟ್ಯೂಬ್‌ಲೆಸ್‌ನಲ್ಲಿ ಟಯರ್ ಒಳಗೆ ಹಾಲಿನಂಥ ಸೀಲಂಟ್ ಇರುತ್ತೆ. ಮುಳ್ಳು ಚುಚ್ಚಿದ ಕೂಡಲೇ ಅದು ಹೊರಗೆ ಬಂದು ಹೆಪ್ಪುಗಟ್ಟಿ ತೂತು ಮುಚ್ಚುತ್ತೆ. ನಮ್ಮ ಬಿಸಿಲಿಗೆ ಬೇಗ ಒಣಗುತ್ತೆ, ಎರಡು ಮೂರು ತಿಂಗಳಿಗೊಮ್ಮೆ ನೋಡಿ ತುಂಬಿಸಿ.

ಏರ್ ಫೋರ್ಕ್ ಇದ್ರೆ ಅದಕ್ಕೂ ನಿಮ್ಮ ತೂಕಕ್ಕೆ ತಕ್ಕ ಗಾಳಿ ಬೇಕು. ನೀವು ಸೈಕಲ್ ಮೇಲೆ ನಿಂತಾಗ ಫೋರ್ಕ್ ತನ್ನ ಒಟ್ಟು ಓಟದ ಐದನೇ ಒಂದು ಭಾಗ ಕೆಳಗಿಳೀಬೇಕು. 120 ಮಿಲಿಮೀಟರ್ ಫೋರ್ಕ್ ಆದ್ರೆ 24. ಇದಕ್ಕೆ ಸ್ಯಾಗ್ ಅಂತಾರೆ. ಕೊಳವೆ ಮೇಲಿರೋ ರಬ್ಬರ್ ಉಂಗುರ ಎಷ್ಟು ಸರೀತು ಅಂತ ಸ್ಕೇಲ್‌ನಲ್ಲಿ ಅಳೆದ್ರೆ ಆಯ್ತು.

ಕೊನೇದು, ಯಾವ ಲಿವರ್ ಯಾವ ಬ್ರೇಕು ಅಂತ ನೋಡ್ಕೊಳ್ಳಿ. ಕೆಲವು ಸೈಕಲ್‌ಗಳಲ್ಲಿ ಬಲಗೈ ಮುಂದಿನದು, ಕೆಲವದರಲ್ಲಿ ಎಡಗೈ. ಫ್ರೆಂಡ್ ಸೈಕಲ್ ಹತ್ತೋವಾಗ ಇದು ಇನ್ನೂ ಮುಖ್ಯ.

ಮೊದಲ ತಿಂಗಳ ಪಾಠ: ಮೈದಾನದಲ್ಲೇ

ಬೆಟ್ಟಕ್ಕೆ ಹೋಗಬೇಡಿ. ಖಾಲಿ ಮೈದಾನಕ್ಕೆ ಹೋಗಿ. ಸ್ಕೂಲ್ ಗ್ರೌಂಡ್ ಆದ್ರೂ ಸಾಕು. ಮೂರು ವಿಷಯ ಕಲೀಬೇಕು.

ಮೊದಲನೇದು ನಿಲುವು. ಇಳಿಜಾರಲ್ಲಿ ಸೀಟಿನ ಮೇಲೆ ಕೂರೋದಿಲ್ಲ. ಎರಡೂ ಪೆಡಲ್ ನೆಲಕ್ಕೆ ಸಮವಾಗಿ ಇಟ್ಟು ಅದರ ಮೇಲೆ ನಿಲ್ಲಿ. ಮೊಣಕಾಲು ಸಡಿಲ, ಮೊಣಕೈ ಹೊರಗೆ ಬಾಗಿರಲಿ, ಎದೆ ಸ್ವಲ್ಪ ಕೆಳಗೆ. ತೂಕ ಕಾಲಿನ ಮೇಲೆ, ಕೈ ಹಗುರ. ಮುಂಚೆ ಬಸ್ಸಲ್ಲಿ ಕಂಬಿ ಹಿಡಿಯದೆ ನಿಂತು ಬ್ಯಾಲೆನ್ಸ್ ಮಾಡ್ತಿದ್ವಲ್ಲ, ಅದೇ. ಸೈಕಲ್ ಕೆಳಗೆ ಕುಣೀಲಿ, ನೀವು ಕುಣೀಬೇಡಿ. ನಿಮ್ಮ ಮೊಣಕಾಲು, ಮೊಣಕೈಯಷ್ಟು ಒಳ್ಳೆ ಸಸ್ಪೆನ್ಷನ್ ಯಾವ ಅಂಗಡಿಯಲ್ಲೂ ಸಿಗಲ್ಲ.

ಎರಡನೇದು ಬ್ರೇಕ್. "ಮುಂದಿನ ಬ್ರೇಕ್ ಮುಟ್ಟಲೇಬೇಡ, ಬೀಳ್ತೀಯ" ಅಂತ ಚಿಕ್ಕವರಿದ್ದಾಗ ಎಲ್ರೂ ಹೇಳಿರ್ತಾರೆ. ಅದು ಪೂರ್ತಿ ನಿಜ ಅಲ್ಲ. ಬ್ರೇಕ್ ಹಿಡಿದಾಗ ತೂಕ ಮುಂದಕ್ಕೆ ಬರುತ್ತೆ, ಹಾಗಾಗಿ ಮುಂದಿನ ಚಕ್ರಕ್ಕೇ ಹಿಡಿತ ಜಾಸ್ತಿ. ನಿಲ್ಲಿಸೋ ಶಕ್ತಿ ಬಹುಪಾಲು ಅಲ್ಲೇ ಇರೋದು. ಬೀಳೋದು ಅದನ್ನ ಒಮ್ಮೆಲೇ ಕಿತ್ತು ಹಿಡಿದ್ರೆ ಮಾತ್ರ. ಎರಡೂ ಲಿವರ್ ಮೇಲೆ ಒಂದೊಂದೇ ಬೆರಳಿಟ್ಟು ನಿಂಬೆಹಣ್ಣು ಹಿಂಡಿದ ಹಾಗೆ ಮೆಲ್ಲಗೆ ಒತ್ತಿ. ಒತ್ತುತ್ತಾ ಹಿಮ್ಮಡಿ ಕೆಳಗೆ ತಳ್ಳಿ, ಸೊಂಟ ಸ್ವಲ್ಪ ಹಿಂದಕ್ಕೆ ಹೋಗಲಿ. ತಿರುವಿಗೆ ಮುಂಚೆ ಬ್ರೇಕ್, ತಿರುವಿನಲ್ಲಿ ಬಿಡಿ. ಹಿಂದಿನ ಚಕ್ರ ಜಾರಿಸಿ ಧೂಳು ಎಬ್ಬಿಸೋದು ರೀಲ್ಸ್‌ಗೆ ಚೆನ್ನ, ಆದ್ರೆ ಹಿಡಿತ ಹೋಗುತ್ತೆ, ದಾರಿನೂ ಹಾಳಾಗುತ್ತೆ.

ಮೂರನೇದು ಕಣ್ಣು. ಕಲ್ಲನ್ನ ನೋಡಿದ್ರೆ ಕಲ್ಲಿಗೇ ಗುದ್ದುತ್ತೀರಿ. ಇದು ತಮಾಷೆ ಅಲ್ಲ, ಕಣ್ಣು ಹೋದ ಕಡೆ ಭುಜ ಹೋಗುತ್ತೆ, ಭುಜ ಹೋದ ಕಡೆ ಸೈಕಲ್. ಕಲ್ಲಿನ ಪಕ್ಕದ ಖಾಲಿ ಜಾಗ ನೋಡಿ. ಚಕ್ರದ ಮುಂದೆ ಅಲ್ಲ, ಎಂಟು ಹತ್ತು ಮೀಟರ್ ಮುಂದೆ ನೋಡಿ.

ಗೇರ್‌ಗೆ ಒಂದೇ ನಿಯಮ: ಏರು ಶುರುವಾಗೋ ಮುಂಚೆ ಬದಲಾಯಿಸಿ. ಏರಿನ ಮಧ್ಯೆ ಜೋರಾಗಿ ತುಳಿಯುತ್ತಾ ಬದಲಾಯಿಸಿದ್ರೆ ಚೈನ್ ಕಟ್ಟಾಗಬಹುದು.

ಎಲ್ಲಿ ಓಡಿಸೋದು?

ಮೊದಲ ಟ್ರೇಲ್‌ಗೆ ಕೆರೆ ಏರಿ, ತೋಟದ ದಾರಿ, ಹಳ್ಳಿಯಿಂದ ಹಳ್ಳಿಗೆ ಹೋಗೋ ಮಣ್ಣು ರಸ್ತೆ ಸಾಕು. ಮೊದಲು ಒಂದು ಸಲ ನಡೆದು ನೋಡಿ. ಖಾಸಗಿ ಹೊಲ ಆದ್ರೆ ಕೇಳಿ. "ಅಣ್ಣಾ, ಈ ಬದುವಿನ ಮೇಲೆ ಸೈಕಲ್ ತಗೊಂಡು ಹೋಗ್ಬಹುದಾ" ಅಂದ್ರೆ ನನಗೆ ಇಲ್ಲ ಅಂದವರು ಕಡಿಮೆ. ಬೆಳೆ ಇರೋ ಕಡೆ, ಮಳೆ ಬಂದ ಮರುದಿನ ಹೋಗಬೇಡಿ. ಹಸಿ ಮಣ್ಣಲ್ಲಿ ಚಕ್ರ ಕೊರೆದ ಗೆರೆ ಮುಂದಿನ ಮಳೆಗೆ ಕೊರಕಲು ಆಗುತ್ತೆ.

ಬೆಂಗಳೂರಿನವರಿಗೆ ಕನಕಪುರ ರಸ್ತೆ ಹತ್ತಿರದ ತುರಹಳ್ಳಿ ಹೆಸರು ಗೊತ್ತಿರುತ್ತೆ, ಇಲ್ಲಿನ ಎಷ್ಟೋ ರೈಡರ್‌ಗಳು ಅಲ್ಲೇ ಕಲಿತವರು. ಆದ್ರೆ ಅದು ಅರಣ್ಯ ಇಲಾಖೆ ಜಾಗ. ಗೇಟಿನ ಬೋರ್ಡ್ ಏನು ಹೇಳುತ್ತೋ, ಗಾರ್ಡ್ ಏನು ಹೇಳ್ತಾರೋ ಅದೇ ಕೊನೆ ಮಾತು. ಸ್ಕಂದಗಿರಿ, ಮಾಕಳಿದುರ್ಗದಂಥ ಕಡೆ ನಡೆದು ಹತ್ತೋಕೇ ಮುಂಗಡ ಬುಕಿಂಗ್ ಬೇಕು. ಅಭಯಾರಣ್ಯ, ರಾಷ್ಟ್ರೀಯ ಉದ್ಯಾನದೊಳಗೆ ಅನುಮತಿ ಇಲ್ಲದೆ ಹೋದ್ರೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಅಪರಾಧ. ಗೂಗಲ್ ಮ್ಯಾಪ್ ದಾರಿ ತೋರಿಸ್ತು ಅನ್ನೋದು ಅನುಮತಿ ಅಲ್ಲ.

ದಾರಿಯಲ್ಲಿ ನಡೆಯೋರಿಗೆ, ದನ ಕರುಗಳಿಗೆ ಮೊದಲ ಹಕ್ಕು. ನೀವು ನಿಲ್ಲಿ, ಅವರು ಹೋಗಲಿ. ಒಬ್ಬರೇ ಹೋಗಬೇಡಿ. ಹೋದ್ರೂ ಮನೆಯಲ್ಲಿ ಜಾಗದ ಹೆಸರು ಹೇಳಿ, ಲೈವ್ ಲೊಕೇಶನ್ ಹಾಕಿ. ನಾನು ಬಿದ್ದ ದಿನ ಫೋನ್ ಒಡೆದಿತ್ತು. ಎಮ್ಮೆ ಮೇಯಿಸ್ತಿದ್ದ ಒಬ್ಬ ಅಜ್ಜ ನೋಡಿ, ತಮ್ಮ ಟವೆಲ್‌ನಲ್ಲೇ ನನ್ನ ತೋಳು ಕಟ್ಟಿ, ರಸ್ತೆವರೆಗೂ ಕರ್ಕೊಂಡು ಬಂದ್ರು. ಅವರಿಲ್ಲದಿದ್ರೆ ಏನಾಗ್ತಿತ್ತೋ ಗೊತ್ತಿಲ್ಲ.

ತಮ್ಮನ ಕಥೆ ಏನಾಯ್ತು?

ಮೆಸೇಜ್‌ಗೆ ನಾನು ಬರೆದಿದ್ದು ಇಷ್ಟೇ: "ದುಡ್ಡು ಕೊಡಬೇಡ. ಭಾನುವಾರ ಬಾ."

ಬಂದ. ಫ್ರೆಂಡ್ ಹತ್ರ ಅವನಿಗೆ ಸರಿಹೋಗೋ ಒಂದು ಹಾರ್ಡ್‌ಟೇಲ್ ಇಸ್ಕೊಂಡೆ. ಒಂದು ಗಂಟೆ ಮೈದಾನದಲ್ಲಿ ಬರೀ ನಿಲ್ಲೋದು, ಬ್ರೇಕ್ ಹಿಡಿಯೋದು. "ಅಣ್ಣಾ, ಬೋರಾಗ್ತಿದೆ" ಅಂದ. ಆಮೇಲೆ ನಾನು ಬಿದ್ದ ಅದೇ ಜಾಡಿಗೆ ಕರ್ಕೊಂಡು ಹೋದೆ. ಮೇಲ್ಗಡೆ ಅರ್ಧ ಚೆನ್ನಾಗಿ ಇಳಿದ, ಸೀಟು ಕೆಳಗೆ, ಮೊಣಕೈ ಹೊರಗೆ. ಕೊರಕಲಿನ ಹತ್ರ ಬಂದ. ನಾನು ಹಿಂದೆ ಇದ್ದೆ, ಏನೂ ಹೇಳಲಿಲ್ಲ. ಎದೆ ಮಾತ್ರ ಹೊಡ್ಕೋತಿತ್ತು.

ಅವನು ಮೆಲ್ಲಗೆ ಬ್ರೇಕ್ ಹಿಡಿದು ನಿಲ್ಲಿಸಿದ. ಕೊರಕಲನ್ನ ಒಂದು ಸಲ ನೋಡಿದ. ಇಳಿದು, ಸೈಕಲ್ ಎತ್ಕೊಂಡು ದಾಟಿ, ಆ ಕಡೆ ಮತ್ತೆ ಹತ್ತಿದ. ಕೆಳಗೆ ಕೆರೆ ಏರಿ ಮೇಲೆ ಕೂತು ನೀರು ಕುಡೀತಾ ಅಂದ, "ಅದು ಇವತ್ತು ನನ್ನಿಂದ ಆಗಲ್ಲ ಅನ್ನಿಸ್ತು ಅಣ್ಣಾ. ಮುಂದಿನ ತಿಂಗಳು ನೋಡೋಣ."

ಮೂರು ವರ್ಷದ ಹಿಂದೆ ನನಗೆ ಈ ಮಾತು ಹೇಳೋಕೆ ಬಂದಿದ್ರೆ ಅಮ್ಮ ಆರು ವಾರ ನನ್ನ ತಲೆ ಬಾಚಬೇಕಿರಲಿಲ್ಲ. ಇಳಿದು ನಡೆಯೋದು ಈ ಆಟದ ಭಾಗ. ದೊಡ್ಡ ರೇಸ್‌ಗಳಲ್ಲೂ ರೈಡರ್‌ಗಳು ಮೊದಲು ನಡೆದು ದಾರಿ ನೋಡ್ತಾರೆ.

ಅವನು ಇನ್ನೂ ಸೈಕಲ್ ತಗೊಂಡಿಲ್ಲ. ತಿಂಗಳಿಗೆ 5 ಸಾವಿರ ಎತ್ತಿಡ್ತಾ ಇದ್ದಾನೆ. ಹೆಲ್ಮೆಟ್ ಮಾತ್ರ ತಗೊಂಡ. ಅದರ ಫೋಟೊ ಕಳಿಸಿ ಕೇಳಿದ, "ಅಣ್ಣಾ, ಇದರೊಳಗೆ 1078 ಅಂತ ಇದೆ, ಓಕೆನಾ?"

ಓಕೆ ಕಣೋ. ಸರಿಯಾದ ಕಡೆಯಿಂದ ಶುರು ಮಾಡಿದ್ದೀಯ.

ನಿಮ್ಮೂರಲ್ಲಿ ಸೈಕಲ್ ಕಲಿಯೋಕೆ ಒಳ್ಳೆ ಮಣ್ಣು ದಾರಿ ಯಾವುದಿದೆ, ಮೊದಲ ಸಲ ಹೇಗೆ ಬಿದ್ರಿ, ವಾಯ್ಸ್ ನೋಟ್ ಕಳಿಸಿ. ಒಳ್ಳೊಳ್ಳೆಯದನ್ನ ಮುಂದಿನ ಸಂಚಿಕೆಯಲ್ಲಿ ಹಾಕ್ತೀನಿ. ಅಲ್ಲಿವರೆಗೂ ಸೀಟು ಕೆಳಗೆ, ಕಣ್ಣು ಮುಂದೆ. ಸಿಗೋಣ.